ಬಲಗಡೆಯ ಹೂವು ಮತ್ತು ಹೊಸ ಮ್ಯಾನೇಜರ್

ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬಂದಾಗ ಅದರ ಅಭಿಮಾನಿ ಎಷ್ಟು ದಿನ ಹೆದರಬೇಕು ಎಂದು ಯಾವ ನಿಯಮಾವಳಿಯಲ್ಲೂ ಬರೆದಿಲ್ಲ. ಬರೆದಿದ್ದರೆ ನಾನು ಅಷ್ಟೇ ದಿನ ಹೆದರಿ ಸುಮ್ಮನಾಗುತ್ತಿದ್ದೆ. ನಿಯಮವಿಲ್ಲದ ಕಾರಣ ಮೂರು ವಾರ ಬಿಡದೆ ಹೆದರಿದೆ. ಅದರಿಂದ ಏನೇನಾಯಿತು ಎಂಬುದನ್ನು ಆದಷ್ಟು ಸರಿಯಾಗಿ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನನ್ನ ಹೆಸರು ಹೊನ್ನೂರುಸ್ವಾಮಿ. ಹೊಸಪೇಟೆಯಲ್ಲಿ ಸಂಡೂರು ರಸ್ತೆಯ ಒಂದು ವೇ ಬ್ರಿಡ್ಜಿನಲ್ಲಿ ಅದಿರಿನ ಲಾರಿ ತೂಗುವ ಕೆಲಸ. ಪ್ರತಿ ಲಾರಿಯನ್ನೂ ಎರಡು ಸಲ ತೂಗುತ್ತೇನೆ. ಎರಡು ಸಲವೂ ಒಂದೇ ತೂಕ ಬಂದರೆ ಯಂತ್ರ ಕೆಟ್ಟಿರಬಹುದು ಎಂದು ಮೂರನೇ ಸಲ ತೂಗುತ್ತೇನೆ. ಡ್ರೈವರುಗಳಿಗೆ ನನ್ನ ಮೇಲೆ ಅಷ್ಟು ಪ್ರೀತಿಯಿಲ್ಲ.

ವೇ ಬ್ರಿಡ್ಜಿನ ಎದುರಿಗೇ ಜಂಬುನಾಥ ಫುಟ್‌ಬಾಲ್ ಕ್ಲಬ್ಬಿನ ಮೈದಾನ. ಸಂಜೆ ಕಾಲೇಜಿಗೆ ಹೋಗುತ್ತಿದ್ದ ಕಾಲದಿಂದಲೂ ನಾನು ಆ ಕ್ಲಬ್ಬಿನ ಅಭಿಮಾನಿ. ಮೈದಾನದ ಜಾಗ ಕ್ಲಬ್ಬಿನ ಅಧ್ಯಕ್ಷ ಪಂಪೇಶಣ್ಣನ ಮನೆತನದ್ದು. ಆತನ ತಮ್ಮಂದಿರಿಬ್ಬರಿಗೆ ಅದನ್ನು ಲಾರಿ ನಿಲ್ಲಿಸುವ ಜಾಗ ಮಾಡಬೇಕೆಂಬ ಆಸೆ. ಈ ವರ್ಷ ಅಣ್ಣತಮ್ಮಂದಿರು ಹಿರಿಯರ ಮುಂದೆ ಕುಳಿತು ಒಂದು ತೀರ್ಮಾನಕ್ಕೆ ಬಂದಿದ್ದರು. ಕ್ಲಬ್ಬು ಜಿಲ್ಲಾ ಲೀಗಿನ ಎ ವಿಭಾಗದಲ್ಲಿ ಉಳಿದರೆ ಮೈದಾನ ಉಳಿಯುತ್ತದೆ. ಬಿ ವಿಭಾಗಕ್ಕೆ ಬಿದ್ದರೆ ಲಾರಿ ನಿಲ್ಲುತ್ತವೆ.

ಉಳಿದದ್ದು ಮೂರು ಪಂದ್ಯ. ಅದರಲ್ಲಿ ಎರಡು ಗೆಲ್ಲಬೇಕಿತ್ತು. ಇಂಥ ಹೊತ್ತಿನಲ್ಲಿ ಹಳೆಯ ಮ್ಯಾನೇಜರು ಮಂಡಿನೋವೆಂದು ಬಿಟ್ಟು ಹೋದರು. ನಿವೃತ್ತ ಡ್ರಿಲ್ ಮಾಸ್ತರಾಗಿದ್ದ ಅವರ ತಂತ್ರವೆಲ್ಲ 'ಹೊಡೀರಲೇ' ಎಂಬ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಅವರ ಜಾಗಕ್ಕೆ ಪಂಪೇಶಣ್ಣ ಎಮ್ಮಿಗನೂರಿನ ಕಿರಣ್ ಕುಮಾರ್ ಎಂಬುವರನ್ನು ಕರೆತಂದ. ಮೂವತ್ತಮೂರು ವಯಸ್ಸು, ಕನ್ನಡಕ, ಕೈಯಲ್ಲೊಂದು ನೋಟ್‌ಬುಕ್ಕು.

ಮೊದಲ ದಿನ ಒಂದು ತಾಸು ಅವರು ಆಟಗಾರರಿಗೆ ಚೆಂಡೇ ಕೊಡಲಿಲ್ಲ. ಹನ್ನೊಂದು ಜನರನ್ನು ಮೈದಾನದ ತುಂಬ ನಿಲ್ಲಿಸಿ, ನಡುವೆ ತಾವೊಬ್ಬರೇ ಹೆಜ್ಜೆ ಎಣಿಸುತ್ತ ಓಡಾಡಿದರು. ಇವರು ಮ್ಯಾನೇಜರೋ, ಲಾರಿಗಳಿಗಾಗಿ ಜಾಗ ಅಳೆಯಲು ತಮ್ಮಂದಿರು ಕಳಿಸಿದ ಸರ್ವೇಯರೋ ಎಂದು ನಾನೂ ಅವರ ಹೆಜ್ಜೆ ಎಣಿಸತೊಡಗಿದೆ. ಎರಡನೆಯ ದಿನ, ಚೆಂಡನ್ನು ದೂರ ಒದೆಯಬೇಡ, ಹತ್ತಿರದವನಿಗೆ ಕೊಡು ಎಂದು ಗೋಲ್‌ಕೀಪರಿಗೆ ಹೇಳಿದರು. ನಮ್ಮ ಕ್ಲಬ್ಬಿನಲ್ಲಿ ಗೋಲ್‌ಕೀಪರನಿಗೆ ಹತ್ತಿರದವನು ಎಂದರೆ ಬಹುಪಾಲು ಎದುರಾಳಿಯೇ ಆಗಿರುತ್ತಾನೆ. ಮೂರನೆಯ ದಿನ, ಈ ವರ್ಷ ಗೋಲು ಹೊಡೆದಿದ್ದ ಒಬ್ಬನೇ ಒಬ್ಬನನ್ನು ಹಿಂದೆ ಕರೆದು ಕಾವಲಿಗೆ ನಿಲ್ಲಿಸಿದರು.

ಮೈದಾನದ ಗೇಟಿನ ಪಕ್ಕ ಜಂಬವ್ವನ ಚಹಾದಂಗಡಿ. ನಾನು ಅಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದೆ.

"ಸ್ವಾಮಿ, ಚಾ ಆರಿ ನೀರಾತು," ಎಂದಳು ಜಂಬವ್ವ. "ಮಾರಿ ಯಾಕ ಹಂಗ ಮಾಡಿ? ಮನ್ಯಾಗ ಯಾರರ ಹೋದ್ರೇನು?"

"ಇನ್ನೂ ಇಲ್ಲ ಜಂಬವ್ವ. ಈ ಹೊಸ ಮ್ಯಾನೇಜರು ಹೆಂಗ ಅನಸ್ತಾರ ನಿನಗ?"

"ಕುಡದ ಗ್ಲಾಸು ತಾನ ತೊಳದು ಇಡ್ತಾನ. ಇಪ್ಪತ್ತು ವರ್ಷದಾಗ ಇಂಥಾವ್ನ ನೋಡಿಲ್ಲ."

ಗ್ಲಾಸು ತೊಳೆಯುವುದರಿಂದ ಗೋಲು ಆಗುತ್ತದೆಯೇ ಎಂದು ಯೋಚಿಸಿದೆ. ಆಗುವುದಿಲ್ಲ ಎಂದು ಖಚಿತವಾಗಿ ಹೇಳುವಷ್ಟು ಜ್ಞಾನ ನನಗಿರಲಿಲ್ಲ.

ನಮ್ಮ ಕಡೆ ಇಂಥ ಅನುಮಾನಕ್ಕೆ ಒಂದು ದಾರಿಯಿದೆ. ಊರಮ್ಮನ ಗುಡಿಗೆ ಹೋಗಿ ಹೂವು ಕೇಳುವುದು. ಪೂಜಾರ್ತಿ ಎರ್ರೆಮ್ಮ ದೇವಿಯ ಎರಡು ಭುಜದ ಮೇಲೂ ಒದ್ದೆ ಹೂವು ಏರಿಸುತ್ತಾಳೆ. ಕೇಳಿದ ಮಾತಿಗೆ ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮನೆ ಕೊಳ್ಳುವವರು, ಬೋರ್‌ವೆಲ್ ಕೊರೆಸುವವರು, ಮುಖ್ಯವಾಗಿ ಹೆಣ್ಣು ಗಂಡು ಗೊತ್ತು ಮಾಡುವವರು ಅಲ್ಲಿಗೆ ಬರುತ್ತಾರೆ. ಫುಟ್‌ಬಾಲ್ ಮ್ಯಾನೇಜರನ ಬಗ್ಗೆ ಕೇಳಲು ನನಗಿಂತ ಮೊದಲು ಯಾರಾದರೂ ಹೋಗಿದ್ದರೇ ಎಂದು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ.

ಹೋಗುವ ಮೊದಲು ತಯಾರಿ ಮಾಡಿಕೊಂಡೆ. ಕಿರಣ್ ಕುಮಾರ್ ಎಂಬ ಹೆಸರಿನವರು ಈ ಜಿಲ್ಲೆಯಲ್ಲಿ ಎಷ್ಟು ಮಂದಿಯೋ. ದೇವಿ ಇನ್ಯಾರದೋ ವಿಷಯದಲ್ಲಿ ತೀರ್ಪು ಕೊಟ್ಟರೆ ಏನು ಗತಿ? ಹಾಗಾಗಿ ಕ್ಲಬ್ಬಿನ ನೋಂದಣಿ ಅರ್ಜಿ ನೋಡಿ ಅವರ ಹುಟ್ಟಿದ ದಿನ ಬರೆದುಕೊಂಡೆ. ಪಂಚಾಂಗ ನೋಡಿ ನಕ್ಷತ್ರ ಹಾಕಿದೆ. ಊರು, ತಂದೆಯ ಹೆಸರು, ಎತ್ತರ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ಮೇಲೆ ಅರಿಶಿನ ಹಚ್ಚಿ, ಮಂಗಳವಾರ ಬೆಳಿಗ್ಗೆ ಎರ್ರೆಮ್ಮನ ಕೈಗೆ ಕೊಟ್ಟೆ.

ಎರ್ರೆಮ್ಮ ಚೀಟಿ ನೋಡಿದಳು. "ಯಾರಪಾ ಈ ಹುಡುಗ?"

"ಒಬ್ಬರು," ಎಂದೆ. ಗುಡಿಯಲ್ಲಿ ನಿಂತು ಫುಟ್‌ಬಾಲ್ ಎನ್ನಲು ನಾಚಿಕೆಯಾಯಿತು.

"ತಾಯಿಗೆ ಏನಂತ ಕೇಳಲಿ?"

"ಇವರು ಬಂದ್ರ ನಮಗ ಚೊಲೋ ಆಗತೈತಾ ಅಂತ."

ಎರ್ರೆಮ್ಮನ ಮುಖ ಅರಳಿತು. ಅದು ಏಕೆಂದು ನನಗೆ ತಿಳಿಯಲಿಲ್ಲ. ನಾನು ಕಣ್ಣು ಮುಚ್ಚಿ ನನ್ನ ಪಾಲಿಗೆ ಬೇರೆ ಕೇಳಿಕೊಂಡೆ. ತಾಯಿ, ಈತ ಒಳ್ಳೆಯವನಾದರೆ ಬಲಗಡೆ ಕೊಡು ಎಂದೆ. ಆಮೇಲೆ, ಬರೀ ನನಗೆ ಬೇಕಾದ ಉತ್ತರವನ್ನೇ ಕೇಳುವುದು ನ್ಯಾಯವಲ್ಲವೆನಿಸಿ, ಈತನಿಂದ ಕೇಡಾಗುವುದಿದ್ದರೆ ಅದನ್ನೂ ತಪ್ಪದೆ ಬಲಗಡೆಯೇ ತಿಳಿಸು ಎಂದುಬಿಟ್ಟೆ. ತಟ್ಟನೆ ಬಲಗಡೆಯ ಹೂವು ಬಿತ್ತು.

ಮೆಟ್ಟಿಲಿಳಿಯುವಾಗ ನನ್ನ ತಪ್ಪು ನನಗೆ ತಿಳಿಯಿತು. ಓಡಿ ಹಿಂದಕ್ಕೆ ಹೋದೆ.

"ಇನ್ನೊಮ್ಮೆ ಕೇಳಬಹುದಾ ಎರ್ರೆಮ್ಮ?"

"ಬಲಗಡಿ ಕೊಟ್ಟ ಮ್ಯಾಲೂ ಕೇಳ್ತಿಯಾ? ತಾಯಿಗೆ ಸಿಟ್ಟು ಬರ್ತೈತಿ. ಹೋಗು, ಮುಂದಿನ ಕೆಲಸ ನೋಡು."

ಮುಂದಿನ ಕೆಲಸ ಏನೆಂದು ನನಗೆ ಗೊತ್ತಿರಲಿಲ್ಲ. ಎರ್ರೆಮ್ಮನಿಗೆ ಗೊತ್ತಿತ್ತು. ನನಗೆ ತಡವಾಗಿ ತಿಳಿದದ್ದನ್ನು ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ನನ್ನ ಹಾಗೆ ಇನ್ನೊಬ್ಬರನ್ನು ಹೆದರಿಸುವುದು ಸರಿಯಲ್ಲ. ನನ್ನ ತಂಗಿ ಅನುಸೂಯಾಗೆ ಇಪ್ಪತ್ತೊಂಬತ್ತು. ಹೊಸಪೇಟೆ ಕಂಪ್ಲಿ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ಬಂದ ಏಳು ಗಂಡುಗಳನ್ನು ಒಂದೊಂದು ಮಾತಿನಲ್ಲಿ ಕಳಿಸಿದವಳು. ಅವಳ ಮದುವೆಯಾಗುವವರೆಗೆ ನನ್ನದು ಬೇಡವೆಂದು ನಾನೂ ಉಳಿದಿದ್ದೇನೆ. ಇಂಥ ಮನೆಯ ಅಣ್ಣ ಮಂಗಳವಾರ ಬೆಳಿಗ್ಗೆ ಅರಿಶಿನ ಹಚ್ಚಿದ ಚೀಟಿಯಲ್ಲಿ ಒಬ್ಬ ಗಂಡಸಿನ ಹೆಸರು, ನಕ್ಷತ್ರ, ಎತ್ತರ ಬರೆದು ತಂದರೆ ಅದು ಏನೆಂದು ನಮ್ಮ ಊರಿನಲ್ಲಿ ಯಾರೂ ಕೇಳಬೇಕಾಗಿಲ್ಲ. ಎರ್ರೆಮ್ಮ ಆ ಹೊತ್ತಿಗೇ ಕಂಪ್ಲಿಯಲ್ಲಿರುವ ನಮ್ಮ ಅಕ್ಕ ದುರ್ಗಕ್ಕನಿಗೆ ಫೋನ್ ಮಾಡಿದ್ದಳು.

ದುರ್ಗಕ್ಕ ನನಗೆ ಒಂದು ಮಾತೂ ಹೇಳಲಿಲ್ಲ. ಗಂಡಿನ ವಿಚಾರಣೆ ಗುಟ್ಟಾಗಿಯೇ ನಡೆಯಬೇಕು. ಮೊದಲೇ ಬಾಯಿಬಿಟ್ಟರೆ ಕಣ್ಣು ಬೀಳುತ್ತದೆ ಎಂಬುದು ಒಂದು, ಅನುಸೂಯಾಳ ಕಿವಿಗೆ ಬಿದ್ದರೆ ಎಂಟನೆಯವನೂ ಓಡುತ್ತಾನೆ ಎಂಬುದು ಇನ್ನೊಂದು. ಗುರುವಾರ ಗಂಡನನ್ನೂ ಮೈದುನನನ್ನೂ ಆಟೋದಲ್ಲಿ ಕೂರಿಸಿಕೊಂಡು ನೇರವಾಗಿ ಜಂಬವ್ವನ ಅಂಗಡಿಗೆ ಬಂದಳು. ನಾನಾಗ ಎದುರಿಗೆ ಒಂದು ಲಾರಿಯನ್ನು ಮೂರನೇ ಸಲ ತೂಗುತ್ತಿದ್ದೆ.

"ಇಲ್ಲೊಬ್ಬ ಹುಡುಗ ಹೊಸದಾಗಿ ಬಂದಾನಂತಲ್ಲ, ಕಿರಣ್ ಕುಮಾರ್," ಎಂದು ಶುರು ಮಾಡಿದಳಂತೆ. "ಕುಡಿತಾನೇನು?"

"ಚಾ ಕುಡಿತಾನ. ಸಕ್ಕರಿ ಇಲ್ದ," ಎಂದಳಂತೆ ಜಂಬವ್ವ.

"ಸಕ್ಕರಿ ಯಾಕಿಲ್ಲ? ಶುಗರ್ ಐತೇನು?"

"ಆಟದವರು ಹಂಗ ಕುಡಿತಾರಂತ."

"ಸಿಟ್ಟು?"

"ನಮ್ಮ ಹನ್ನೊಂದು ಮಂದಿ ಆಡೋದು ನೋಡೀನೂ ಒಮ್ಮೆ ಬೈದಿಲ್ಲ."

"ಹಂಗಾದ್ರ ನಮ್ಮಲ್ಲಿಗೆ ಹೊಂದ್ತಾನ," ಎಂದು ದುರ್ಗಕ್ಕ ಸಮಾಧಾನದಿಂದ ಎದ್ದಳು. "ನಾವು ಬಂದು ಕೇಳಿದ್ದು ಯಾರ ಮುಂದೂ ಹೇಳಬ್ಯಾಡ್ರಿ. ಈ ಹುಡುಗನ್ನ ನಾವು ಬಿಡಂಗಿಲ್ಲ."

ಜಂಬವ್ವ ಇದನ್ನು ಯಾರಿಗೂ ಹೇಳಲಿಲ್ಲ. ಪಂಪೇಶಣ್ಣನಿಗೆ ಮಾತ್ರ ಹೇಳಿದಳು.

ಪಂಪೇಶಣ್ಣ ವೇ ಬ್ರಿಡ್ಜಿಗೆ ಓಡಿಬಂದ. ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಸ್ವಾಮಿ, ಕೆಲಸ ಕೆಡ್ತು. ಸಂಡೂರಿನವರು ನಮ್ಮ ಮ್ಯಾನೇಜರನ್ನ ಎಗರಸಾಕ ಬಂದಾರ."

"ಸಂಡೂರಿನವರಾ?"

"ಮತ್ಯಾರು? ಕಡೀ ಮ್ಯಾಚು ಅವರ ಕೂಡ ಐತಿ. ಒಬ್ಬಾಕಿ ಹೆಣ್ಮಗಳು, ಇಬ್ಬರು ಗಂಡಸರು. ಅನುಮಾನ ಬರಬಾರದಂತ ಹೆಣ್ಮಗಳನ್ನ ಮುಂದ ಬಿಟ್ಟಾರ. ಕುಡಿತಾನಾ, ಸಿಟ್ಟು ಐತಾ, ನಮ್ಮಲ್ಲಿಗೆ ಹೊಂದ್ತಾನ, ಬಿಡಂಗಿಲ್ಲ ಅಂದ್ಲಂತ. ಆಕಿ ಮಾತಿನ ಧಾಟಿ ನೋಡಿದ್ರ ಭಾಳ ತರಬೇತಿ ಆದಾಕಿ."

ಇಷ್ಟು ದಿನ ಈ ಮ್ಯಾನೇಜರು ಇದ್ದರೆ ಏನಾಗುತ್ತದೋ ಎಂದು ಹೆದರುತ್ತಿದ್ದೆ. ಈಗ ಹೋದರೆ ಏನಾಗುತ್ತದೋ ಎಂಬ ಹೆದರಿಕೆಯೂ ಸೇರಿತು. ಒಂದು ಹೆದರಿಕೆ ಬಂದಾಗ ಇನ್ನೊಂದು ಹೋಗುತ್ತದೆ ಎಂದುಕೊಂಡಿದ್ದೆ. ಎರಡೂ ಹೊಂದಿಕೊಂಡು ಇದ್ದವು.

"ನೀ ಮ್ಯಾನೇಜರ ಮ್ಯಾಲೆ ಒಂದು ಕಣ್ಣಿಡು," ಎಂದ ಪಂಪೇಶಣ್ಣ. "ನೀ ಹಿಂದ ಬಿದ್ದೀ ಅಂತ ಯಾರಿಗೂ ಸಂಶಯ ಬರಂಗಿಲ್ಲ. ನೀ ಇದ್ದೀ ಅಂತನ ಗೊತ್ತಾಗಂಗಿಲ್ಲ."

ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಅಂದಿನಿಂದ ಮ್ಯಾನೇಜರು ಕ್ಷೌರಕ್ಕೆ ಹೋದರೆ ನಾನೂ ಹೋದೆ. ಒಂದೇ ವಾರದಲ್ಲಿ ಎರಡು ಸಲ ಕಟಿಂಗ್ ಆಯಿತು. ಅವರು ಖಾನಾವಳಿಯಲ್ಲಿ ಊಟಕ್ಕೆ ಕುಳಿತರೆ ನಾನು ಹಿಂದಿನ ಮೇಜಿನಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಮೂರನೆಯ ದಿನ ಅವರು ತಿರುಗಿ ನೋಡಿ ಪಲ್ಯದ ಬಟ್ಟಲನ್ನು ನನ್ನ ಕಡೆ ಸರಿಸಿದರು. ನಾನು ಥ್ಯಾಂಕ್ಸ್ ಎಂದು ಹೇಳಿ, ಅವರನ್ನು ನೋಡಿಯೇ ಇಲ್ಲದವನ ಹಾಗೆ ಉಂಡೆ.

ಈ ನಡುವೆ ಮೊದಲ ಪಂದ್ಯ ಗೆದ್ದೆವು. ದೇವಿ ಹೇಳಿದ್ದು ಒಳ್ಳೆಯದನ್ನೇ ಎನಿಸಿತು. ಎರಡನೆಯದನ್ನು ಸೋತೆವು. ಹೇಳಿದ್ದು ಕೆಟ್ಟದ್ದನ್ನು ಎನಿಸಿತು. ಭಾನುವಾರ ನಾಲ್ಕು ಗಂಟೆಗೆ ಸಂಡೂರಿನ ಜೊತೆ ಮೂರನೆಯದು. ತಮ್ಮಂದಿರು ಮೈದಾನದ ಮೂಲೆಯಲ್ಲಿ ಆಗಲೇ ಒಂದು ಲಾರಿ ತಂದು ನಿಲ್ಲಿಸಿದ್ದರು. ಅಭ್ಯಾಸಕ್ಕೆ ಎಂದರು.

ಶನಿವಾರ ಮಧ್ಯಾಹ್ನ ಪಂಪೇಶಣ್ಣ ಮತ್ತೆ ಬಂದ. ಈ ಸಲ ಓಡಲಿಲ್ಲ. ಕಾಲೆಳೆದುಕೊಂಡು ಬಂದ.

"ರಜಾ ಕೇಳ್ಯಾರ ಸ್ವಾಮಿ. ತಾಯಿ ಕರದಾಳಂತ, ಮನಿ ವಿಷಯಂತ, ನಾಳೆ ಮ್ಯಾಚಿನ ಹೊತ್ತಿಗೆ ಬಂದ್ರ ಬಂದೆ ಅಂತ. ಬ್ಯಾಗು ತಗೊಂಡು ಬಸ್ ಸ್ಟ್ಯಾಂಡಿಗೆ ಹೋದ್ರು."

"ನೀವು ಏನಂದ್ರಿ?"

"ನಾ ಏನನ್ಲಿ? ಹೋಗಿ ಬರ್ರಿ ಅಂದೆ. ಬಾಯಿಗೆ ಅದ ಬಂತು."

ನಾನು ವೇ ಬ್ರಿಡ್ಜಿನ ಮೇಲೆ ಒಂದು ಲಾರಿಯನ್ನು ಹಾಗೇ ಬಿಟ್ಟು ಆಟೋ ಹಿಡಿದೆ. ಬಸ್ ನಿಲ್ದಾಣ ತಲುಪಿದಾಗ ಮ್ಯಾನೇಜರು ಹತ್ತಿದ್ದ ಬಸ್ಸು ಹೊರಡುತ್ತಿತ್ತು. ಹಿಂದಿನ ಬಾಗಿಲು ಹಿಡಿದು ಹಾರಿದೆ. ಒಳಗೆ ಬಂದ ಮೇಲೆ ಮೂರು ಸಂಗತಿ ಕಂಡವು. ಬಸ್ಸು ಕಂಪ್ಲಿಯದು. ಕಂಡಕ್ಟರ್ ಅನುಸೂಯಾ. ಮುಂದಿನ ಹೆಂಗಸರ ಸೀಟಿನಲ್ಲಿ ಹೂವಿನ ಬುಟ್ಟಿ, ಹೊಸ ಸೀರೆಯ ಪೊಟ್ಟಣ ಇಟ್ಟುಕೊಂಡು ದುರ್ಗಕ್ಕ ಕುಳಿತಿದ್ದಾಳೆ. ಇವೆಲ್ಲ ಒಂದಕ್ಕೊಂದು ಸಂಬಂಧಪಟ್ಟವು ಎಂದು ನನಗೆ ಹೊಳೆಯಲಿಲ್ಲ. ಹೋಗಿ ಮ್ಯಾನೇಜರ ಪಕ್ಕ ಕುಳಿತು ಕೈ ಮುಗಿದೆ.

"ಸರ್, ಸಂಡೂರಿಗೆ ಹೋಗಬ್ಯಾಡ್ರಿ."

"ಈ ಬಸ್ಸು ಸಂಡೂರಿಗೆ ಹೋಗಂಗಿಲ್ಲ ಸ್ವಾಮಿಯವರ," ಎಂದರು ಅವರು ಮೆತ್ತಗೆ. "ನಾನು ನಮ್ಮೂರಿಗೆ ಹೊಂಟೀನಿ."

"ಸುತ್ತು ಹಾಕಿ ಹೋಗ್ತೀರೇನೋ. ಯಾರೋ ಹೆಣ್ಮಗಳು ಬಂದು ನಿಮ್ಮ ಬಗ್ಗೆ ಕೇಳ್ಯಾಳ. ಎಲ್ಲಾ ಗೊತ್ತೈತಿ ನಮಗ. ಮೈದಾನ ಹೋಗತೈತಿ ಸರ್. ಲಾರಿ ಬಂದು ನಿಂತೈತಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದು, ನಮ್ಮೂರಿಗೂ ಬಂದಿದ್ದರಂತ. ಅವ್ವನ್ನ ಒಪ್ಪಿಸ್ಯಾರ. ನಾಳೆ ಕಂಪ್ಲಿಯೊಳಗ ಹೆಣ್ಣು ನೋಡೋದು. ಮ್ಯಾಚ್ ಐತಿ, ಬರಂಗಿಲ್ಲ ಅಂದೆ. ದೇವಿ ಬಲಗಡಿ ಹೂವು ಕೊಟ್ಟಾಳ, ಬರದಿದ್ರ ನಾ ಊಟ ಬಿಡ್ತೀನಿ ಅಂತ ಅವ್ವ ಕುಂತಾಳ. ನಾ ಏನು ಮಾಡ್ಲಿ?"

"ಹೆಣ್ಣು ಯಾರು ಸರ್?"

"ಗೊತ್ತಿಲ್ಲ. ಸರಕಾರಿ ಬಸ್ಸಿನ ಕಂಡಕ್ಟರಂತ. ಅಣ್ಣ ಎಲ್ಲೋ ಲಾರಿ ತೂಗ್ತಾನಂತ."

"ಟಿಕೆಟ್," ಎಂದಳು ಅನುಸೂಯಾ, ನಮ್ಮ ತಲೆಯ ಮೇಲೆ ನಿಂತು.

ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಇಂಜಿನ್ನಿನ ಸದ್ದು ಕೂಡ ಕಡಿಮೆಯಾದಂತೆ ನನಗೆ ಕೇಳಿಸಿತು. ಡ್ರೈವರು ಕೇಳಿಸಿಕೊಳ್ಳಲೆಂದು ನಿಧಾನ ಮಾಡಿದ್ದನಂತೆ. ಮ್ಯಾನೇಜರು ಅವಳ ಖಾಕಿ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಖಾಕಿ ನೋಡಿದರು.

ಮುಂದಿನ ಸೀಟಿನಿಂದ ದುರ್ಗಕ್ಕ ಎದ್ದು ನಿಂತಳು. "ಇರಲಿ ಬಿಡವ್ವ, ನಾಳೆ ನೋಡೋದು ಇವತ್ತ ಆತು. ಕುಲದ ಬೆಡಗು ಬ್ಯಾರೆ ಬ್ಯಾರೆ, ಎಲ್ಲಾ ಕೂಡಿ ಬಂದೈತಿ. ಹೊನ್ನೂರನ ಹೋಗಿ ಹೂವು ಕೇಳ್ಯಾನ, ಪಾಪ, ಯಾರಿಗೂ ಹೇಳಿಲ್ಲ."

"ಅಣ್ಣ," ಎಂದಳು ಅನುಸೂಯಾ. "ಇವರ ಬಗ್ಗೆ ಗುಡ್ಯಾಗ ಏನು ಕೇಳಿದಿ?"

ಸುಳ್ಳು ಹೇಳಲು ಧೈರ್ಯ ಬೇಕು. ನನ್ನ ಹತ್ತಿರ ಇರಲಿಲ್ಲ. "ಮ್ಯಾನೇಜರು ಚೊಲೋ ಅದಾರೋ ಇಲ್ಲೋ ಅಂತ. ಟೀಮಿಗೆ."

"ಫುಟ್‌ಬಾಲಿಗೆ ಹೂವು ಕೇಳಿದಿ?"

"ಹೂಂ."

ಹಿಂದಿನ ಸೀಟಿನ ಮುದುಕನೊಬ್ಬ, "ತಾಯಿ ಬಲಗಡಿ ಕೊಟ್ಟಾಳಂದ್ರ ಯಾವುದಕ್ಕ ಆದ್ರೇನು, ಹಸೆಮಣಿ ಮ್ಯಾಲೆ ಕೂಡ್ರಿಸಿ ಬಿಡ್ರಿ," ಎಂದ. ಬಾಳೆಗೊನೆ ಹಿಡಿದಿದ್ದ ಹೆಂಗಸು, "ಹುಡುಗ ಕನ್ನಡಕದಾವ, ಎತ್ತರ ಸಾಲಂಗಿಲ್ಲ," ಎಂದಳು. ಎತ್ತರದ ವಿಷಯದಲ್ಲಿ ಚೀಟಿಯ ಇನ್ನೊಂದು ಪ್ರತಿ ನನ್ನ ಹತ್ತಿರವೇ ಇತ್ತು. ತೋರಿಸಬೇಕೆಂದು ಜೇಬಿಗೆ ಕೈ ಹಾಕಿದವನು ಅನುಸೂಯಾಳ ಮುಖ ನೋಡಿ ಬರಿಗೈಯನ್ನೇ ಹೊರಗೆ ತೆಗೆದೆ.

ಅವಳು ಮ್ಯಾನೇಜರ ಕಡೆ ತಿರುಗಿದಳು. "ನಾಳೆ ನಿಮ್ಮ ಮ್ಯಾಚ್ ಐತಲ್ಲ?"

"ಐತಿ."

"ಸೋತ್ರ ಮೈದಾನ ಹೋಗತೈತಿ ಅಂತ ನಿಮಗ ಗೊತ್ತೈತಾ?"

"ಗೊತ್ತೈತಿ."

"ಹನ್ನೊಂದು ಮಂದಿನ ಅಲ್ಲಿ ಬಿಟ್ಟು ಹೆಣ್ಣು ನೋಡಾಕ ಹೊಂಟೀರಿ. ನಾಳೆ ಹೆಂಡ್ತಿನೂ ಹಂಗ ಎಲ್ಲ್ಯರ ಬಿಟ್ಟು ಹೋಗಾವ್ರು ನೀವು. ಇಳೀರಿ."

ಒಂದು ಸೀಟಿ ಊದಿದಳು. ಬಸ್ಸು ಕಮಲಾಪುರದ ಆಚೆ ಬಾಳೆ ತೋಟಗಳ ನಡುವೆ ನಿಂತಿತು.

"ನೀನೂ ಇಳಿ ಅಣ್ಣ. ದುರ್ಗಕ್ಕ, ನೀ ಕುಂದ್ರು. ಇವರ ಅವ್ವಗ ಈಗ ಫೋನ್ ಮಾಡಿ, ಹುಡುಗಿನ ಒಲ್ಲೆ ಅಂದ್ಲು, ಊಟ ಮಾಡ್ರಿ ಅಂತ ಹೇಳು. ನಾನ ಮಾತಾಡಿದ್ರ ಚಂದ ಇರಂಗಿಲ್ಲ."

ನಾವಿಬ್ಬರೂ ಇಳಿದೆವು. ಎರಡು ಸೀಟಿ ಕೇಳಿಸಿತು. ಬಸ್ಸು ಹೋಯಿತು. ಕಿಟಕಿಯಿಂದ ಬಾಳೆಗೊನೆಯ ಹೆಂಗಸು ನಮ್ಮನ್ನು ಕಣ್ಮರೆಯಾಗುವವರೆಗೆ ನೋಡಿದಳು.

ಎದುರಿನ ಬಸ್ಸಿಗೆ ಅರ್ಧ ತಾಸು ಕಾದೆವು. ಮ್ಯಾನೇಜರು ಇನ್ನು ಈ ಊರಿನ ಸಹವಾಸವೇ ಬೇಡ ಎಂದು ಅಲ್ಲಿಂದಲೇ ಹೋಗಿಬಿಡುತ್ತಾರೆಂದು ನಾನು ಅವರ ಬ್ಯಾಗಿನ ಒಂದು ಹಿಡಿಯನ್ನು ಹಿಡಿದುಕೊಂಡಿದ್ದೆ. ಅವರು ಬಿಡಿಸಿಕೊಳ್ಳಲಿಲ್ಲ.

"ಸ್ವಾಮಿಯವರ, ಕ್ಷೌರದ ಅಂಗಡ್ಯಾಗೂ ನೀವ ಇದ್ರಿ ಅಲ್ಲೇನು?"

"ಹೌದು ಸರ್. ತಪ್ಪಾತು."

"ಇಲ್ಲಿಗಿಂತ ಮುಂಚೆ ಮೂರು ಕ್ಲಬ್ಬಿನಾಗ ಇದ್ದೆ. ಮೂರೂ ಕಡೆ ಹೋಗು ಅಂದ್ರು. ಹೋಗಬ್ಯಾಡ ಅಂತ ಬಸ್ ಹತ್ತಿ ಬಂದವರು ನೀವ ಮೊದಲಿಗರು." ಬಸ್ಸು ಬರುವ ದಾರಿಯ ಕಡೆ ನೋಡಿ, "ನಮ್ಮ ಗೋಲ್‌ಕೀಪರ್ ನಾಳೆ ಹತ್ತಿರದವನಿಗೆ ಕೊಡ್ತಾನ ಅಂತೀರಾ?" ಎಂದರು.

ಆಗ ನನಗೊಂದು ವಿಷಯ ಗೊತ್ತಾಯಿತು. ಈ ಮನುಷ್ಯ ನನಗಿಂತ ಹೆಚ್ಚು ಹೆದರಿದ್ದರು. ಅದರಿಂದ ಸಮಾಧಾನವಾಗಬೇಕಿತ್ತು. ಮ್ಯಾನೇಜರೇ ಹೆದರಿದರೆ ಗತಿಯೇನು ಎಂದು ಮತ್ತಷ್ಟು ಹೆದರಿಕೆಯಾಯಿತು.

ಭಾನುವಾರದ ಪಂದ್ಯವನ್ನು ನಾನು ನೋಡಲಿಲ್ಲ. ಜಂಬವ್ವನ ಅಂಗಡಿಯ ಹಿಂದೆ ಗೋಡೆಗೆ ಮುಖ ಮಾಡಿ ಕುಳಿತಿದ್ದೆ. ಎಪ್ಪತ್ತನೆಯ ನಿಮಿಷದಲ್ಲಿ ನಮ್ಮ ಗೋಲ್‌ಕೀಪರು ಚೆಂಡನ್ನು ಹತ್ತಿರದವನಿಗೆ ಕೊಟ್ಟನಂತೆ. ಆತ ನಮ್ಮವನೇ ಆಗಿದ್ದನಂತೆ. ಆತ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಕೊಟ್ಟು, ಕೊನೆಗೆ ಗೋಲಾಯಿತು. ಇಷ್ಟೊಂದು ಜನ ನಮ್ಮವರೇ ಮೈದಾನದಲ್ಲಿದ್ದರೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಸೊನ್ನೆಯಿಂದ ಗೆದ್ದೆವು. ಸೋಮವಾರ ತಮ್ಮಂದಿರು ಬಂದು ಮೂಲೆಯ ಲಾರಿಯನ್ನು ತೆಗೆದುಕೊಂಡು ಹೋದರು. ದಾರಿಯಲ್ಲಿ ಅದನ್ನು ನಾನು ಒಂದೇ ಸಲ ತೂಗಿದೆ.

ನಿಜವಾದ ಆಪತ್ತು ಬಂದದ್ದು ಗುರುವಾರ. ಈ ಸಲ ಖರೇ ಸಂಡೂರಿನವರು ಇಬ್ಬರು ಕಾರಿನಲ್ಲಿ ಬಂದು, ಜಂಬವ್ವನ ಅಂಗಡಿಯಲ್ಲಿ ಕುಳಿತು, ನಿಮ್ಮ ಮ್ಯಾನೇಜರು ಹೇಗೆ ಎಂದು ವಿಚಾರಿಸಿದರು. ಅವರು ಹೋದ ಮೇಲೆ ನಾನು ಅಲ್ಲಿಗೆ ಓಡಿದೆ.

"ಏನು ಹೇಳಿದಿ ಜಂಬವ್ವ?"

"ಹೋದ ಸಲ ಚೊಲೋ ಹೇಳಿ ಕೆಟ್ಟೆನಲ್ಲ, ಈ ಸಲ ಹಂಗ ಮಾಡಲಿಲ್ಲ," ಎಂದಳು, ಒಲೆ ಊದುತ್ತ. "ಹಗಲೆಲ್ಲ ಚೊಲೋ ಇರ್ತಾನ, ನಿದ್ದ್ಯಾಗ ಒದಿತಾನ ಅಂದೆ. ಮೂರು ಮನಿ ಮಾಲಕರು ಖಾಲಿ ಮಾಡಿಸ್ಯಾರ, ಗ್ವಾಡಿ ಬಿರುಕು ಬಿಟ್ಟಾವ ಅಂದೆ. ಕಾರು ತಿರುಗಿಸ್ಕೊಂಡು ಹೋದ್ರು."

ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ನಮ್ಮ ಮ್ಯಾನೇಜರು ಉಳಿದರು. ಸಂಜೆಯ ಹೊತ್ತಿಗೆ ಈ ಸುದ್ದಿ ಮಾರ್ಕೆಟ್ಟು ದಾಟಿ ಬಸ್ ಡಿಪೋವರೆಗೂ ಹೋಗಿತ್ತು.

ಮನೆಗೆ ಬಂದಾಗ ಅನುಸೂಯಾ ಡ್ಯೂಟಿ ಮುಗಿಸಿ ಬಂದು ಅಕ್ಕಿ ಆರಿಸುತ್ತಿದ್ದಳು. ಬಸ್ಸಿನ ಘಟನೆಯಾದ ಮೇಲೆ ಐದು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಸದ್ದಿಲ್ಲದೆ ಒಳಗೆ ಹೋಗುತ್ತಿದ್ದೆ.

"ಅಣ್ಣ," ಎಂದಳು, ಮೊರದಿಂದ ತಲೆಯೆತ್ತದೆ. "ನಿಮ್ಮ ಮ್ಯಾನೇಜರು ನಿದ್ದ್ಯಾಗ ಒದಿತಾರಂತ. ಖರೇನಾ?"

ಏಳು ಗಂಡುಗಳಲ್ಲಿ ಒಬ್ಬನ ಬಗ್ಗೆಯೂ ಇವಳು ಒಂದು ಪ್ರಶ್ನೆ ಕೇಳಿದವಳಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಒದೆಯುವುದಿಲ್ಲ ಎಂದರೆ ಆ ಮಾತು ಡಿಪೋದಿಂದ ಮಾರ್ಕೆಟ್ಟಿಗೆ, ಅಲ್ಲಿಂದ ಸಂಡೂರಿಗೆ ಹೋಗಿ ಕಾರು ಮತ್ತೆ ಬರುತ್ತದೆ. ಒದೆಯುತ್ತಾರೆ ಎಂದರೆ ಕ್ಲಬ್ಬು ಉಳಿಯುತ್ತದೆ, ತಂಗಿ ಮದುವೆಯಿಲ್ಲದೆ ಉಳಿಯುತ್ತಾಳೆ, ಅವಳ ಹಿಂದೆ ನಾನೂ ಹಾಗೆಯೇ ಉಳಿಯುತ್ತೇನೆ.

"ನನಗ ಗೊತ್ತಿಲ್ಲವ್ವ," ಎಂದೆ.

"ಹಂಗಾರ ಕೇಳಿ ಹೇಳು," ಎಂದು ಅನುಸೂಯಾ ಅಕ್ಕಿ ತೊಳೆಯಲು ಒಳಗೆ ಹೋದಳು.